ಹೊಗೆ ಕೊಳವೆಯಲ್ಲಿ ಮಣ್ಣು

“ನಿಲ್ಸಿ! ಯಾರ್ರೀ ಇದನ್ನ ಬಿಚ್ಚೋಕೆ ಹೇಳಿದ್ದು?”

ಇನ್ಸ್‌ಪೆಕ್ಟರ್ ಅನಂತಸ್ವಾಮಿಯ ಕೂಗಿಗೆ ಬಚ್ಚಲುಮನೆಯೊಳಗಿದ್ದ ಕೂಲಿಗಳು ಬೆಚ್ಚಿ ಕೈಬಿಟ್ಟರು. ಅರ್ಧ ಬಿಚ್ಚಿಕೊಂಡಿದ್ದ ತಗಡಿನ ಹೊಗೆ ಕೊಳವೆ ತಾಮ್ರದ ಬಾಯ್ಲರಿಗೆ ಬಡಿದು, ಮಸಿ ಚೆಲ್ಲುತ್ತ ನೆಲಕ್ಕೆ ಉರುಳಿತು.

“ನಾನೇ ಹೇಳಿದ್ದು.” ದನಿ ಹಿತ್ತಲ ಬಾಗಿಲಿನಿಂದ ಬಂತು.

ಇಂದುಧರ. ಸತ್ತ ಜಯದೇವಪ್ಪನ ತಮ್ಮ. ಕೊಬ್ಬರಿ ಮಂಡಿಯಿಂದ ನೇರ ಓಡಿ ಬಂದವನಂತೆ ಅವನ ಅಂಗಿಯ ತೋಳಿಗೆ ನಾರಿನ ಎಳೆಗಳು ಅಂಟಿಕೊಂಡಿದ್ದವು. ನಿದ್ದೆಗೆಟ್ಟ ಕಣ್ಣುಗಳು ಕೆಂಪಗಿದ್ದವು.

“ನಮ್ಮಣ್ಣನ್ನ ನುಂಗಿದ ಶನಿ ಇದು. ಇನ್ನೊಂದು ದಿನ ನಮ್ಮನೇಲಿ ಇರಕೂಡ್ದು. ಗುಜರಿಗೆ ಹಾಕಿ ಕೈ ತೊಳ್ಕೊತೀನಿ.”

“ಈ ಮನೆಯಿಂದ ಒಂದು ಮೊಳೆನೂ ಆಚೆ ಹೋಗಕೂಡ್ದು ಅಂತ ಮೊನ್ನೆನೇ ಹೇಳಿದ್ನಲ್ಲ?”

“ಹೇಳಿದ್ರಿ. ನೀವು ರಾತ್ರಿ ನಿಮ್ಮನೇಲಿ ಮಲಗ್ತೀರಿ ಸ್ವಾಮಿ. ನಾನು ಇಲ್ಲಿ ಮಲಗ್ಬೇಕು.”

ಅರಸೀಕೆರೆಯ ಕೊಬ್ಬರಿ ವರ್ತಕ ಜಯದೇವಪ್ಪ, ಒಳಗಿನಿಂದ ಚಿಲಕ ಹಾಕಿದ್ದ ಇದೇ ಬಚ್ಚಲುಮನೆಯಲ್ಲಿ ಹೆಣವಾಗಿ ಸಿಕ್ಕಿ ವಾರವಾಗಿತ್ತು. ಬಾಯ್ಲರ್ ಕೂರಿಸಿದ್ದ ಕೃಷ್ಣಪ್ಪ ಠಾಣೆಯ ಲಾಕಪ್ಪಿನಲ್ಲಿದ್ದ.

ಊರಿನ ಮಟ್ಟಿಗೆ ಪ್ರಕರಣ ಅಲ್ಲಿಗೇ ಮುಗಿದಿತ್ತು. ಬಾಯ್ಲರಿನ ವಿಷಗಾಳಿ ಕುಡಿದು ಸತ್ತಿದ್ದಾನೆ ಎಂದು ಸರ್ಕಾರಿ ಆಸ್ಪತ್ರೆಯ ಡಾಕ್ಟರು ಬರೆದುಕೊಟ್ಟಿದ್ದರು. ಕೃಷ್ಣಪ್ಪನ ಕೆಲಸ ಸರಿಯಿಲ್ಲ, ಕೊಲೆಗಡುಕ ಅವನೇ ಎಂದು ಜನ ಅವನ ಅಂಗಡಿಯ ಬಾಗಿಲನ್ನೇ ಮುರಿದು ಹಾಕಿದ್ದರು. ಲಾಕಪ್ಪಿನ ಮೂಲೆಯಲ್ಲಿ ಕುಳಿತ ಅವನು ಮಾತ್ರ ಒಂದೇ ಮಾತು ಹೇಳುತ್ತಿದ್ದ: “ಹೊಗೆ ಚೆನ್ನಾಗಿ ಎಳೀತಿತ್ತು ಸ್ವಾಮಿ. ಬೆಂಕಿ ಹಾಕಿ ನೋಡಿಯೇ ನಾನು ಮನೆಗೆ ಹೋಗಿದ್ದು.”

ಅನಂತಸ್ವಾಮಿ ಬಗ್ಗಿ ಕೊಳವೆಯನ್ನು ಎತ್ತಿಕೊಂಡ.

ಅದರ ರಚನೆಯನ್ನು ಅವನು ಈ ವಾರದಲ್ಲಿ ಚೆನ್ನಾಗಿ ತಿಳಿದುಕೊಂಡಿದ್ದ. ಬಾಯ್ಲರಿನ ಹೊಟ್ಟೆಯ ನಡುವೆ ಒಂದು ಗೂಡು. ಕೆಳಗೆ ಬೆಂಕಿ, ಸುತ್ತ ನೀರು. ಹೊಗೆ ಆ ಗೂಡಿನಲ್ಲಿ ಏರಿ ತಗಡಿನ ಕೊಳವೆಗೆ ಸೇರಿ, ಸೂರು ದಾಟಿ ಮಾಳಿಗೆಯ ಮೇಲೆ ಹೋಗಬೇಕು. ಹಿತ್ತಲ ಒಲೆಯ ಹಂಡೆಯಿಂದ ನೀರು ಹೊರುವ ಕಷ್ಟವಿಲ್ಲ, ಮಾಗಿಯ ಚಳಿಯಲ್ಲಿ ನಡುಗುವುದಿಲ್ಲ, ನಲ್ಲಿ ತಿರುಗಿಸಿದರೆ ಸಾಕು. ಆದರೆ ಹೊಗೆಗೆ ಮೇಲೆ ದಾರಿಯಿಲ್ಲದಿದ್ದರೆ ಅದು ಸ್ನಾನ ಮಾಡುವವನ ಕಡೆಗೇ ತಿರುಗುತ್ತದೆ.

ಅವನು ಕೊಳವೆಯ ಮೇಲ್ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಳಗೆಲ್ಲ ಮಸಿ. ಮಸಿಯ ಮೇಲೆ, ಬಾಯಿಯಿಂದ ಒಂದು ಗೇಣು ಕೆಳಗೆ, ಬಳೆಯಂತೆ ಸುತ್ತಲೂ ಅಂಟಿದ್ದ ಕೆಂಪುಮಣ್ಣು. ಒಲೆಯಲ್ಲಿ ಸುಟ್ಟಂತೆ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದ. ಮಣ್ಣಿನ ಜೊತೆ ಕಾಯಿಸಿಪ್ಪೆಯ ನಾರು ಕಿತ್ತು ಬಂತು.

ನಾರನ್ನು ಬೆರಳಲ್ಲಿ ಹಿಡಿದುಕೊಂಡೇ ಕೂಗಿದ.

“ಬೋರಮ್ಮಾ!”

ಮನೆಗೆಲಸದ ಬೋರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ದೂರದಲ್ಲೇ ನಿಂತಳು. ಆ ದಿನದಿಂದ ಅವಳು ಬಚ್ಚಲುಮನೆಯ ಹೊಸ್ತಿಲು ತುಳಿದಿರಲಿಲ್ಲ.

“ಅವತ್ತು ಬೆಂಕಿ ಹಾಕಿದ್ದು ನೀನೇ ತಾನೇ? ಏನು ಹಾಕಿದ್ದೆ? ಕರಟಾನಾ?”

“ದಿನಾ ಕರಟಾನೇ ಸ್ವಾಮಿ. ಅವತ್ತು ಪುಟ್ಟೀಲಿ ಕರಟ ಇರ್ನಿಲ್ಲ. ಇದ್ದಿಲು ಇತ್ತು. ಅದ್ನೇ ಹಾಕ್ದೆ.”

“ಇದ್ದಿಲು ಯಾರು ತಂದಿಟ್ಟಿದ್ದು?”

“ನಂಗೊತ್ತಿಲ್ಲ ಬುದ್ಧಿ. ನಾ ಬಂದಾಗ ಪುಟ್ಟಿ ತುಂಬಿತ್ತು.”

ಕೊಬ್ಬರಿ ವರ್ತಕನ ಮನೆ. ಹಿತ್ತಲಿನಲ್ಲಿ ಕರಟದ ರಾಶಿ ಆಳೆತ್ತರ ಬಿದ್ದಿದೆ. ಅಂಥ ಮನೆಯಲ್ಲಿ ಕರಟವಿಲ್ಲವೆಂದರೆ ಯಾರು ನಂಬಬೇಕು? ಕರಟಕ್ಕೆ ದಟ್ಟ ಹೊಗೆ. ಕೆಮ್ಮು ಬಂದು, ಕಣ್ಣುರಿದು ಮನುಷ್ಯ ಬಾಗಿಲು ತೆಗೆದು ಓಡುತ್ತಾನೆ. ಇದ್ದಿಲಿಗೆ ಹೊಗೆಯೇ ಇಲ್ಲ. ಅದು ಸದ್ದಿಲ್ಲದೆ ಕೊಲ್ಲುತ್ತದೆ. ಚಳಿಗಾಳಿ ಬರುತ್ತದೆಂದು ಗವಾಕ್ಷಿಗೆ ಗೋಣಿ ತುರುಕಿದ್ದಂತೂ ಮನೆಮಂದಿಗೆಲ್ಲ ಗೊತ್ತಿತ್ತು.

“ದಿನಾ ಮೊದಲು ಸ್ನಾನ ಯಾರದ್ದು?”

“ಅಮ್ಮಾರ್ದೇ. ಸುವರ್ಣಮ್ಮಾರು ಮಿಂದು ಮಡಿಯುಟ್ಟು ಒಲೆ ಹಚ್ಚಿದ ಮ್ಯಾಗೇ ಯಜಮಾನ್ರು ಏಳೋದು. ಅವತ್ತು ಅಮ್ಮಾರಿಗೆ ನೆಗಡಿ, ಮೈ ಬೆಚ್ಚಗಿತ್ತು. ನೀವೇ ಮೊದ್ಲು ಹೋಗಿ ಅಂದ್ರು. ಯಜಮಾನ್ರು ಹೋದ್ರು.” ಬೋರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನನ್ ಕಣ್ಮುಂದೇನೇ ಟವಲ್ಲು ಹೆಗಲಿಗಾಕ್ಕೊಂಡು ಹೋದ್ರು ಸ್ವಾಮಿ.”

ಅನಂತಸ್ವಾಮಿ ಕೂಲಿಗಳನ್ನು ಆಚೆ ಕಳಿಸಿದ. ಬೋರಮ್ಮನನ್ನೂ ಕಳಿಸಿದ. ಕೊಳವೆಯನ್ನು ಗೋಡೆಗೆ ಒರಗಿಸಿ ಇಂದುಧರನ ಕಡೆ ತಿರುಗಿದ.

“ಒಳಗೆ ನೋಡಿ.”

ಇಂದುಧರ ಬಗ್ಗಿ ನೋಡಿದ. “ಮಣ್ಣು.”

“ಕಾಯಿಸಿಪ್ಪೆಗೆ ಹಸಿಮಣ್ಣು ಮೆತ್ತಿ ಯಾರೋ ಬಿರಡೆ ಹಾಕಿದ್ದಾರೆ. ಬೆಂಕಿ ಬಿದ್ದಾಗ ಮಣ್ಣು ಬೆಂದಿದೆ. ಆಮೇಲೆ ಯಾರೋ ಬಿರಡೆ ಕಿತ್ತಿದ್ದಾರೆ, ಮಣ್ಣು ಉಳ್ಕೊಂಡಿದೆ. ಇದು ಕೃಷ್ಣಪ್ಪನ ತಪ್ಪಲ್ಲ. ಕೊಲೆ.”

ಇಂದುಧರ ಮತ್ತೆ ಬಗ್ಗಿ ಮಣ್ಣನ್ನು ಮುಟ್ಟಿ ನೋಡಿದ. ಆಮೇಲೆ ಗೋಡೆ ಹಿಡಿದುಕೊಂಡ.

“ಕೊಳವೆ ಬಾಯಿ ಇರೋದು ಮಾಳಿಗೆ ಮೇಲೆ. ಮಾಳಿಗೆಗೆ ಹತ್ತೋ ಮೆಟ್ಟಿಲು ಇರೋದು ನಿಮ್ಮ ಕೋಣೆ ಪಕ್ಕ,” ಎಂದ ಅನಂತಸ್ವಾಮಿ.

“ನಾನು ಬೆಳಗಿನ ಜಾವಾನೇ ಸ್ಟೇಷನ್ನಿಗೆ ಹೋಗಿದ್ದೆ. ವ್ಯಾಗನ್ನಿಗೆ ಕಾಯಿ ತುಂಬಿಸ್ತಿದ್ದೆ. ಬೇಕಾದ್ರೆ ಗೂಡ್ಸ್ ಕ್ಲಾರ್ಕನ್ನ ಕೇಳಿ.”

“ಕೇಳಿದ್ದೀನಿ. ಹೋಗೋ ಮುಂಚೆ ಬಿರಡೆ ಹಾಕೋಕೆ ಎಷ್ಟು ಹೊತ್ತು ಬೇಕು? ಸುದ್ದಿ ತಿಳಿದು ಓಡಿ ಬಂದವರು ಬಚ್ಚಲುಮನೆಗೆ ಹೋಗ್ಲಿಲ್ಲ. ಮೊದಲು ಮಾಳಿಗೆ ಹತ್ತಿದ್ರಿ. ನೋಡಿದವರಿದ್ದಾರೆ.”

“ಹಾರೆ ತರೋಕೆ ಹತ್ತಿದ್ದೆ! ಬಾಗಿಲು ಒಡೀಬೇಕಿತ್ತು, ಹಾರೆ ಮೇಲಿತ್ತು! ನಮ್ಮಣ್ಣ ಒಳಗೆ ಬಿದ್ದಿದ್ರೆ ನಾನು ಕೊಳವೆ ನೋಡ್ತಾ ನಿಲ್ತೀನಾ?”

“ನಿಮ್ಮಣ್ಣ ಬೀಳ್ಬೇಕು ಅಂತ ಯಾರೂ ಬಿರಡೆ ಹಾಕಿರ್ಲಿಲ್ಲ.”

ಇಂದುಧರ ಗೋಡೆ ಬಿಟ್ಟು ನೆಟ್ಟಗೆ ನಿಂತ.

“ದಿನಾ ಮೊದಲು ಆ ಬಾಗಿಲು ಹಾಕ್ಕೋತಿದ್ದವರು ನಿಮ್ಮ ಅತ್ತಿಗೆ. ಆಕೆಗೆ ನೆಗಡಿ ಅಂತ ಬಿರಡೆ ಹಾಕಿದವನಿಗೆ ಗೊತ್ತಿರಲಿಲ್ಲ. ಮುಂದಿನ ತಿಂಗಳು ಆಕೆ ತನ್ನ ತಂಗಿ ಮಗನನ್ನ ದತ್ತು ತಗೊಳ್ಳೋದು ಅಂತ ನಿಶ್ಚಯವಾಗಿತ್ತು. ಜಗಲಿ ಮೇಲೆ ನಿಂತು, ಬೀದಿಗೆಲ್ಲ ಕೇಳೋ ಹಾಗೆ, ಅದು ನಡಿಯೋಕೆ ಬಿಡಲ್ಲ ಅಂದವರು ಯಾರು?”

“ಅಂದೆ! ನಮ್ಮ ವಂಶಕ್ಕೆ ಬೇರೆ ಮನೆ ಹುಡುಗ ಯಾಕೆ ಅಂದೆ. ಅದಕ್ಕೆ ಅತ್ತಿಗೇನ ಸಾಯಿಸ್ತೀನಾ? ಬೇಡ ಅಂದಿದ್ದು ನಾನೊಬ್ನೇ ಅಲ್ಲ. ನಮ್ಮಕ್ಕನ್ನ ಕೇಳಿ. ಅವಳ ಮೊಮ್ಮಗನ್ನ ಬಿಟ್ಟು ಇನ್ಯಾರನ್ನೋ ತಂದ್ರೆ ಈ ಮನೆ ನೀರು ಮುಟ್ಟಲ್ಲ ಅಂದಿದ್ಲು. ಅವತ್ತು ಅವಳೂ ಇಲ್ಲೇ ಇದ್ಲಲ್ಲ!”

“ಸಿಕ್ಕಿಹಾಕ್ಕೊಂಡಾಗ ಎಲ್ಲರೂ ಇನ್ನೊಬ್ಬರ ಕಡೆ ಬೆರಳು ತೋರಿಸ್ತಾರೆ.”

“ಅತ್ತಿಗೇನ ಅಕ್ಕನ ಜೊತೆ ಬೇಲೂರಿಗೆ ಕಳ್ಸೋಕೆ ಒಪ್ಪಿದವರು ಯಾರು?” ಇಂದುಧರನ ದನಿ ಇದ್ದಕ್ಕಿದ್ದಂತೆ ತಗ್ಗಿತು. “ನೀವೇ ಅಲ್ವಾ?”

ಅನಂತಸ್ವಾಮಿ ಕೊಳವೆಯತ್ತ ಬಗ್ಗಿದ. ಒಪ್ಪಿದ್ದವನು ಅವನೇ. ಸಾವಿನ ಮನೆಯಲ್ಲಿ ಆಕೆಯೊಬ್ಬಳನ್ನು ಬಿಡುವುದು ಬೇಡ ಎಂದು ಜಯದೇವಪ್ಪನ ಅಕ್ಕ ಶಿವಗಂಗಮ್ಮ ಕೇಳಿಕೊಂಡಾಗ, ಒಳ್ಳೆಯದಾಯಿತು ಎಂದುಕೊಂಡು ಸುವರ್ಣಮ್ಮನನ್ನು ಬಸ್ಸಿಗೆ ಹತ್ತಿಸಿದ್ದವನೂ ಅವನೇ.

“ಅರಸೀಕೆರೆ ಬಿಟ್ಟು ಅಲ್ಲಾಡಬೇಡಿ,” ಎಂದಷ್ಟೇ ಹೇಳಿ ಕೊಳವೆಯನ್ನು ಹೊರಿಸಿಕೊಂಡು ಜೀಪಿಗೆ ಬಂದ.

ಇಂದುಧರ ಹಿಂದೆಯೇ ಬಂದು ಮುಂಬಾಗಿಲ ಹೊಸ್ತಿಲಲ್ಲಿ ನಿಂತಿದ್ದ. ಜೀಪು ತಿರುವು ದಾಟುವವರೆಗೂ ಅವನ ಕಣ್ಣು ಅದರ ಮೇಲಿತ್ತು.

* * *

“ಈಗ ಎಲ್ಲಿಗೆ ಸಾರ್?” ಜೀಪು ಓಡಿಸುತ್ತಿದ್ದ ಕಾನ್ಸ್‌ಟೇಬಲ್ ಸಿದ್ದಬಸಪ್ಪ ಕೇಳಿದ.

“ಹಳೇಬೀಡಿಗೆ. ಕೃಷ್ಣಪ್ಪ ಅಲ್ಲೊಂದು ಮನೆಗೆ ಇಂಥದ್ದೇ ಬಾಯ್ಲರ್ ಹಾಕಿದ್ದಾನೆ. ಅವನ ಕೆಲಸ ಹೇಗೆ ಅಂತ ಕಣ್ಣಲ್ಲಿ ನೋಡ್ಬೇಕು. ಆಮೇಲೆ ಬೇಲೂರು.”

ಜಾವಗಲ್ಲು ದಾಟುವಾಗ ಅನಂತಸ್ವಾಮಿಗೆ ಸ್ವಲ್ಪ ಸಮಾಧಾನವಾಗಿತ್ತು. ಯಾರೋ ಸುವರ್ಣಮ್ಮನನ್ನು ಕೊಲ್ಲಲು ನೋಡಿದ್ದಾರೆ. ಆಕೆ ಆ ಮನೆಯಲ್ಲಿಲ್ಲ. ಎಷ್ಟು ಒಳ್ಳೆಯದಾಯಿತು! ಆದರೂ ಇಂದುಧರನ ಕೊನೆಯ ಮಾತು ಕಾಲಿಗೆ ಚುಚ್ಚಿದ ಮುಳ್ಳಿನಂತೆ ಒಳಗೇ ಉಳಿದಿತ್ತು.

ಹಳೇಬೀಡಿನ ಕೆರೆಯ ಕಡೆಗಿದ್ದ ಬೀದಿಯಲ್ಲಿ ನಿವೃತ್ತ ಹೆಡ್‌ಮೇಷ್ಟರು ಗೋಪಾಲಸ್ವಾಮಿಯವರ ಮನೆ. ಪೊಲೀಸರನ್ನು ಕಂಡು ಮೇಷ್ಟರು ಗಾಬರಿಯಾದರು. ಬಾಯ್ಲರ್ ನೋಡಲು ಬಂದಿದ್ದೇವೆ ಎಂದಾಗ ಇನ್ನೂ ಗಾಬರಿಯಾದರು.

“ಅರಸೀಕೆರೆ ಸುದ್ದಿ ಕೇಳಿದಾಗಿನಿಂದ ನಾವು ಇದಕ್ಕೆ ಬೆಂಕಿನೇ ಹಾಕಿಲ್ಲ. ಇವಳು ಮುಟ್ಟೋಕೇ ಬಿಡಲ್ಲ.”

“ಮತ್ತೆ ಭಯ ಆಗಲ್ವೇ?” ಅವರ ಹೆಂಡತಿ ಸುಂದರಮ್ಮ ಒಳಗಿನಿಂದ ಕಾಫಿ ತಂದರು. “ಆದರೆ ಒಂದು ಮಾತು ಹೇಳ್ಬೇಕು. ಆ ಕೃಷ್ಣಪ್ಪ ಹೇಳಿಹೋಗಿದ್ದೆಲ್ಲ ಸರಿಯಾಗೇ ಇತ್ತು. ಬಾಗಿಲ ಕೆಳಗೆ ಗಾಳಿಗೆ ಸಂದು ಬಿಡಿಸಿದ್ದ. ತಿಂಗಳಿಗೊಂದು ಸಲ ಕೊಳವೆ ಬಿಚ್ಚಿ ಮಸಿ ಝಾಡಿಸಿ ಅಂದಿದ್ದ. ಗುಬ್ಬಿ ಗೂಡು ಕಟ್ಟದ ಹಾಗೆ ತುದಿಗೆ ತಂತಿ ಜಾಲರಿ ಬೇರೆ ಹಾಕಿದ್ದ.”

ಅನಂತಸ್ವಾಮಿ ಎಲ್ಲವನ್ನೂ ನೋಡಿದ. ಸಂದು ಇತ್ತು. ಜಾಲರಿ ಇತ್ತು. ಕೊಳವೆಯ ಕೀಲುಗಳು ಬಿಗಿಯಾಗಿದ್ದವು. ಅರಸೀಕೆರೆಯ ಕೊಳವೆಯ ಬಾಯಲ್ಲೂ ಜಾಲರಿ ಕೂರಿಸಿದ ಗುರುತಿತ್ತು. ಜಾಲರಿ ಮಾತ್ರ ಇರಲಿಲ್ಲ. ಲಾಕಪ್ಪಿನಲ್ಲಿ ಕುಳಿತವನು ಸುಳ್ಳು ಹೇಳಿಲ್ಲ.

“ಜಯದೇವಪ್ಪನವರಿಗೆ ಕೃಷ್ಣಪ್ಪನ ಗುರುತು ಹೇಗಾಯ್ತೋ?” ಎಂದು ಅವನು ಸುಮ್ಮನೆ ಕೇಳಿದ.

“ನಮ್ಮಿಂದಾನೇ ಇರ್ಬೇಕು,” ಎಂದರು ಸುಂದರಮ್ಮ. “ಹಾಕಿಸೋ ಮುಂಚೆ ಅವರ ಮನೆಯವರು ಬಂದು ನೋಡ್ಕೊಂಡು ಹೋದ್ರಲ್ಲ. ಬಸದಿ ನೋಡೋಕೆ ಬಂದಿದ್ದೆ, ಹಾಗೇ ಇದನ್ನೂ ನೋಡ್ಕೊಂಡು ಹೋಗೋಣ ಅಂತ ಬಂದೆ ಅಂದ್ರು. ತುಂಬ ಹೊತ್ತು ಕೂತಿದ್ರು.”

“ಏನು ಕೇಳಿದ್ರು?”

“ಎಲ್ಲರೂ ಕೇಳೋದೇ. ನೀರು ಎಷ್ಟು ಬೇಗ ಕಾಯತ್ತೆ, ಕರಟ ಎಷ್ಟು ಬೇಕು ಅಂತ. ಆಮೇಲೆ…” ಸುಂದರಮ್ಮ ಗಂಡನ ಮುಖ ನೋಡಿದರು. “ಆಗ ನನಗೇನೂ ಅನ್ನಿಸ್ಲಿಲ್ಲ. ಕೊಳವೆ ಕಟ್ಕೊಂಡ್ರೆ ಏನಾಗತ್ತೆ ಅಂತ ಕೇಳಿದ್ರು. ಹೊಗೆ ಒಳಗೇ ತುಂಬತ್ತೆ, ಕೆಮ್ಮು ಬರತ್ತೆ, ಬಾಗಿಲು ತೆಗೀಬೇಕು ಅಂದೆ. ಇದ್ದಿಲು ಹಾಕಿದ್ರೆ ಹೊಗೆನೇ ಬರಲ್ವಲ್ಲ ಅಂದ್ರು.”

ಅನಂತಸ್ವಾಮಿ ಲೋಟವನ್ನು ಕೆಳಗಿಟ್ಟ.

“ಅದಕ್ಕೆ ನೀವೇನಂದ್ರಿ?”

“ಅಯ್ಯೋ, ಅದಿನ್ನೂ ಕೆಟ್ಟದ್ದು ಕಣ್ರೀ, ಕೃಷ್ಣಪ್ಪ ಬೇಡ ಅಂದಿದ್ದಾನೆ ಅಂದೆ. ಗೊತ್ತಿಲ್ಲದೆ ಕೇಳ್ತಿದ್ದಾರೆ, ಹುಷಾರಾಗಿರ್ಲಿ ಅಂತ ಹೇಳಿದೆ.” ಸುಂದರಮ್ಮನ ಕಣ್ಣು ತುಂಬಿದವು. “ನಾನು ಹೇಳ್ಬಾರದಾಗಿತ್ತೇನೋ.”

ಜಯದೇವಪ್ಪನ ಮನೆಯವರು. ಸುವರ್ಣಮ್ಮ!

ಅನಂತಸ್ವಾಮಿಗೆ ತಾನು ಕಟ್ಟಿದ ಲೆಕ್ಕವೆಲ್ಲ ಮಗುಚಿ ಬಿದ್ದಂತಾಯಿತು. ಕೊಲೆಯಿಂದ ತಪ್ಪಿಸಿಕೊಂಡವಳು ಎಂದು ತಿಳಿದಿದ್ದ. ನೆಗಡಿ ಎಂದವಳು ಯಾರು? ನೀವೇ ಮೊದಲು ಹೋಗಿ ಎಂದು ಗಂಡನನ್ನು ಕಳಿಸಿದವಳು ಯಾರು? ಬಿರಡೆ ಕಿತ್ತು ತೆಗೆಯಲು ಇಡೀ ದಿನ ಮನೆಯಲ್ಲೇ ಇದ್ದವಳು ಯಾರು?

“ಪಾಪ, ಬೇಲೂರಿನವರಿಗೂ ಈಗ ಭಯ ಹತ್ತಿರಬೇಕು,” ಎಂದರು ಮೇಷ್ಟರು. “ಜಯದೇವಪ್ಪನವರ ಅಕ್ಕನ ಮನೆಗೂ ಇದೇ ಬಾಯ್ಲರಂತೆ. ಕೃಷ್ಣಪ್ಪ ಹೋದ ತಿಂಗಳು ಕೂರಿಸಿದನಂತೆ.”

ಅನಂತಸ್ವಾಮಿ ಎದ್ದು ನಿಂತ. ಕಾಫಿ ಅರ್ಧಕ್ಕೇ ಉಳಿಯಿತು.

ದತ್ತು ಬೇಡವೆಂದ ಶಿವಗಂಗಮ್ಮನ ಮನೆ. ಅದೇ ಕೃಷ್ಣಪ್ಪನ ಬಾಯ್ಲರ್. ಅದೇ ಸುವರ್ಣಮ್ಮ. ಆಕೆಯನ್ನು ಆ ಮನೆಗೆ ಕಳಿಸಿದವನು ತಾನು.

ಅಂಚೆ ಕಚೇರಿಗೆ ಓಡಿದ. ಬೇಲೂರು ಠಾಣೆಗೆ ಟೆಲಿಫೋನ್ ಮಾಡಿ ಯಾರನ್ನಾದರೂ ಆ ಮನೆಗೆ ಕಳಿಸಬೇಕು. ಪೋಸ್ಟ್‌ಮಾಸ್ಟರು ರಿಸೀವರನ್ನು ಕಿವಿಗಿಟ್ಟುಕೊಂಡು ಎಷ್ಟೋ ಸಲ ಹಲೋ ಹಲೋ ಎಂದು ಕೂಗಿ, ಕೊನೆಗೆ ತಲೆಯಾಡಿಸಿದರು. “ಲೈನೇ ಸಿಗ್ತಿಲ್ಲ ಸಾರ್. ಬೆಳಿಗ್ಗೆಯಿಂದ ಹೀಗೇ.”

“ಸಿದ್ದಬಸಪ್ಪ, ನಡಿ. ಎಲ್ಲೂ ನಿಲ್ಲಿಸಬೇಡ.”

* * *

ಬೇಲೂರಿನ ರಸ್ತೆಯಲ್ಲಿ ಎತ್ತಿನ ಗಾಡಿಗಳ ಸಾಲು. ಭತ್ತದ ಹುಲ್ಲು ಹೇರಿಕೊಂಡು ರಸ್ತೆಯ ತುಂಬ ತೆವಳುತ್ತಿದ್ದವು. ಸಿದ್ದಬಸಪ್ಪ ಹಾರನ್ ಒತ್ತುತ್ತ, ಬೈಯುತ್ತ, ಹೊಲದ ಬದುವಿಗೆ ಚಕ್ರ ಇಳಿಸಿ ಹತ್ತಿಸಿ ಓಡಿಸುತ್ತಿದ್ದ.

ಅನಂತಸ್ವಾಮಿ ಸುಂದರಮ್ಮ ಹೇಳಿದ್ದನ್ನು ಅವನಿಗೆ ಹೇಳಿದ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುವಂತಾಗಿತ್ತು.

ಸಿದ್ದಬಸಪ್ಪ ಇನ್ನೊಂದು ಗಾಡಿಯನ್ನು ದಾಟಿಸಿದ. ಆಮೇಲೆ ಕೇಳಿದ: “ಆಯಮ್ಮ ಹೆಸರು ಹೇಳಿದ್ರಾ ಸಾರ್? ಬಂದಿದ್ದೋರ ಹೆಸರು?”

“ಹೆಸರೇನು? ಜಯದೇವಪ್ಪನ ಮನೆಯವರು ಅಂದ್ರಲ್ಲ.”

“ಮನೆಯೋರು ಅಂದ್ರೆ ಹೆಂಡ್ತಿನೂ ಆಗ್ಬೋದು, ಮನೇಲಿರೋ ಯಾರಾದ್ರೂ ಆಗ್ಬೋದು. ಅವರಕ್ಕನೂ ಮನೆಯೋರೇ ಅಲ್ವಾ ಸಾರ್? ವಯಸ್ಸಾದೋರೋ, ಹರೇದೋರೋ ಕೇಳುದ್ರಾ?”

ಅನಂತಸ್ವಾಮಿ ಕೇಳಿರಲಿಲ್ಲ.

ಇಷ್ಟು ವರ್ಷ ಎಷ್ಟು ಜನರ ಹೇಳಿಕೆ ತೆಗೆದುಕೊಂಡಿದ್ದಾನೆ! ಠಾಣೆಗೆ ಹೊಸದಾಗಿ ಬಂದವನೂ ಮೊದಲು ಕೇಳುವ ಪ್ರಶ್ನೆಯನ್ನು ಅವನು ಕೇಳದೆ ಓಡಿ ಬಂದಿದ್ದ.

“ತಿರುಗಿಸ್ಲಾ ಸಾರ್?”

ತಿರುಗಿದರೆ ಉತ್ತರ ಸಿಗುತ್ತದೆ. ಅಷ್ಟರಲ್ಲಿ ಅಲ್ಲಿ ಏನಾಗಿರುತ್ತದೆಯೋ! ಆ ಮನೆಯಲ್ಲಿ ಇಬ್ಬರು ಹೆಂಗಸರು. ಇಬ್ಬರಲ್ಲಿ ಒಬ್ಬಳು ಕೊಂದಿದ್ದಾಳೆ, ಇನ್ನೊಬ್ಬಳು ಸಾಯಲಿದ್ದಾಳೆ. ಯಾರು ಯಾರೆಂದು ಮಾತ್ರ ಗೊತ್ತಿಲ್ಲ. ಇಲ್ಲವೇ ಇಂದುಧರನೇ ಅಪರಾಧಿಯಾಗಿ, ಇವರಿಬ್ಬರೂ ಏನೂ ಅರಿಯದೆ ಅಡುಗೆಮನೆಯಲ್ಲಿ ಮಾತಾಡುತ್ತ ಕುಳಿತಿರಬಹುದು. ಹಾಗಿರಲಿ ದೇವರೇ, ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ.

“ಬೇಡ. ಮುಂದಕ್ಕೇ ನಡಿ.”

ದೂರದಲ್ಲಿ ಬೇಲೂರಿನ ಗೋಪುರ ಕಂಡಿತು. ಅನಂತಸ್ವಾಮಿಯ ತಂದೆ ಆ ದೇವಸ್ಥಾನದ ಪಾಕಶಾಲೆಯಲ್ಲಿ ಕೆಲಸ ಮಾಡಿದವರು. ಅವನು ಆಡಿ ಬೆಳೆದ ಊರು. ಎಷ್ಟು ಸಲ ಬಂದರೂ ಗೋಪುರ ಕಂಡೊಡನೆ ಕೈ ತಾನಾಗಿ ಮುಗಿಯುತ್ತಿತ್ತು. ಇಂದು ಎರಡು ಕೈಯೂ ಜೀಪಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದವು.

ಶಿವಗಂಗಮ್ಮನ ಮನೆ ಪೇಟೆಯ ಹಿಂದಿನ ಬೀದಿಯಲ್ಲಿತ್ತು. ಜೀಪು ನಿಲ್ಲುವ ಮುಂಚೆಯೇ ಅವನು ಧುಮುಕಿದ.

ಜಗಲಿಯ ಮೇಲೆ ಮೊರ ಇಟ್ಟುಕೊಂಡು ಶಿವಗಂಗಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ಹಣೆಯಲ್ಲಿ ವಿಭೂತಿ, ಬಿಳಿಯ ಸೆರಗು. ಅವರನ್ನು ಜೀವಂತ ಕಂಡು ಅವನಿಗೆ ಒಂದು ಗಳಿಗೆ ಹೋದ ಜೀವ ಬಂದಂತಾಯಿತು. ಮರುಗಳಿಗೆಗೇ ಇನ್ನೊಂದು ಭಯ ಏರಿತು.

“ಸುವರ್ಣಮ್ಮನವರು ಎಲ್ಲಿ?”

“ಸ್ನಾನಕ್ಕೆ ಹೋಗಿದ್ದಾಳೆ. ಯಾಕಪ್ಪಾ, ಹೀಗೆ ಓಡಿ ಬಂದಿದ್ದೀಯ?”

“ಹೋಗಿ ಎಷ್ಟು ಹೊತ್ತಾಯ್ತು?”

“ಆಗ್ಲೇ ಹೋದಳಪ್ಪ. ಅವಳಿಗೆ ಅಂತಾನೇ ನೀರು ಕಾಯಿಸಿಟ್ಟಿದ್ದೆ. ಬಾಗಿಲು ಹಾಕ್ಕೊಂಡಿದ್ದಾಳೆ.”

ಅನಂತಸ್ವಾಮಿ ತಲೆಯೆತ್ತಿ ನೋಡಿದ. ಹೆಂಚಿನ ಸೂರಿನ ಹಿಂಬದಿಯಲ್ಲಿ ಹೊಸ ತಗಡಿನ ಕೊಳವೆ ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಬಾಯಿಂದ ಹೊಗೆಯ ಒಂದೆಳೆಯೂ ಇಲ್ಲ. ಕೆಂಡದ ಮೇಲೆ ನಡುಗುವ ಬಿಸಿಗಾಳಿಯೂ ಇಲ್ಲ.

“ಸಿದ್ದಬಸಪ್ಪ! ಸೂರು ಹತ್ತು! ಕೊಳವೆ ಬಾಯಿ ನೋಡು!”

ಅವನು ಪಡಸಾಲೆ ದಾಟಿ, ನಡುಮನೆ ದಾಟಿ ಓಡಿದ. ಬಚ್ಚಲುಮನೆಯ ಬಾಗಿಲು ಮುಚ್ಚಿತ್ತು. ಬಡಿದ. ಕೂಗಿದ. ಒಳಗೆ ನಲ್ಲಿಯಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

“ಸುವರ್ಣಮ್ಮಾ! ಬಾಗಿಲು ತೆಗೀರಿ!”

ಹೆಗಲು ಕೊಟ್ಟ. ಬಾಗಿಲು ಅಲುಗಲಿಲ್ಲ. ಮೂಲೆಯಲ್ಲಿದ್ದ ಒನಕೆ ಎತ್ತಿಕೊಂಡು ಚಿಲಕದ ಜಾಗಕ್ಕೆ ಗುದ್ದಿದ. ಹಲಗೆ ಸೀಳಿತು. ಇನ್ನೊಮ್ಮೆ ಗುದ್ದಿದ. ಕೊಂಡಿ ಕಿತ್ತು ಬಾಗಿಲು ತೆರೆಯಿತು.

ಒಳಗಿನ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ವಾಸನೆಯಿಲ್ಲ, ಹೊಗೆಯಿಲ್ಲ. ಬಾಯ್ಲರಿನ ಗೂಡಿನಲ್ಲಿ ಇದ್ದಿಲು ಕೆಂಪಗೆ ಉರಿಯುತ್ತಿತ್ತು. ಅದರ ಮುಂದೆ, ಒದ್ದೆ ನೆಲದ ಮೇಲೆ, ಪಂಚೆಯುಟ್ಟ ಗಂಡಸೊಬ್ಬ ಮುಖ ಕೆಳಗಾಗಿ ಬಿದ್ದಿದ್ದ.

ಅನಂತಸ್ವಾಮಿ ಉಸಿರು ಬಿಗಿಹಿಡಿದು ಅವನ ರಟ್ಟೆಗೆ ಕೈಹಾಕಿ ಎಳೆದ. ಹಿತ್ತಲಿಗೆ ತಂದು, ತೆರೆದ ಗಾಳಿಯಲ್ಲಿ ಅಂಗಾತ ಮಲಗಿಸಿದ.

ಇಂದುಧರ.

ಬೆಳಿಗ್ಗೆ ಅರಸೀಕೆರೆ ಬಿಡಬೇಡವೆಂದು ಹೇಳಿಸಿಕೊಂಡವನು. ಬಾಯ್ಲರನ್ನು ಶನಿ ಎಂದವನು ಇಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡದ್ದೇಕೆ, ಯಾರಿಗೋ ಕಾಯುತ್ತ ಅಡಗಿದ್ದನೇ? ತಾನು ಹಳೇಬೀಡಿನಲ್ಲಿ ಕಾಫಿ ಕುಡಿಯುತ್ತಿದ್ದ ಹೊತ್ತಿನಲ್ಲಿ ಬೇಲೂರಿನ ಬಸ್ಸು ಮುಂದೆ ಹೋಗಿರಬೇಕು.

ಹಿಂದಿನಿಂದ ಬಂದ ಶಿವಗಂಗಮ್ಮ ತಮ್ಮನ ಮುಖ ಕಂಡು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹಿತ್ತಲ ಕಲ್ಲಿನ ಮೇಲೆ ಕುಸಿದು ಕುಳಿತರು.

“ಇವನು… ಇವನು ಯಾವಾಗ ಬಂದ?” ಪಿಸುಮಾತಿನಲ್ಲಿ ಕೇಳಿದರು. “ನಾನು ನೋಡ್ಲೇ ಇಲ್ಲ. ಬಾಗಿಲು ಹಾಕಿತ್ತು, ಸುವರ್ಣ ಅಂದ್ಕೊಂಡೆ. ಯಾರೂ ಬಂದಿದ್ದು ನೋಡ್ಲಿಲ್ಲ ಕಣಪ್ಪಾ.”

ಹಿತ್ತಲ ಬಾಗಿಲಿನ ಅಗುಳಿ ತೆರೆದಿತ್ತು. ಬಂದವನು ಅಲ್ಲಿಂದಲೇ ಬಂದಿದ್ದ. ಯಾರೋ ಒಳಗಿನಿಂದ ತೆಗೆದಿದ್ದರು.

ಸಿದ್ದಬಸಪ್ಪ ಸೂರಿನ ಅಂಚಿನಿಂದ ಕೈ ಚಾಚಿದ. ಅವನ ಅಂಗೈಯಲ್ಲಿ ಹಸಿಮಣ್ಣು ಮೆತ್ತಿದ ಕಾಯಿಸಿಪ್ಪೆಯ ಉಂಡೆ. “ಬಾಯಿಗೆ ಸರಿಯಾಗಿ ತುರುಕಿದ್ರು ಸಾರ್. ಇನ್ನೂ ಒದ್ದೆ ಐತೆ.”

ಅನಂತಸ್ವಾಮಿ ಇಂದುಧರನ ಎದೆಗೆ ಕಿವಿಯಿಟ್ಟ. ತನ್ನದೇ ಎದೆಬಡಿತ ಜೋರಾಗಿ ಕೇಳುತ್ತಿತ್ತು. ಅದರ ಹಿಂದೆ, ತುಂಬ ದೂರದಲ್ಲಿ, ಇನ್ನೊಂದು ಬಡಿತ ಇದೆಯೋ ಇಲ್ಲವೋ ತಿಳಿಯಲಿಲ್ಲ. ಮೂಗಿನ ಬಳಿ ಬೆರಳು ಹಿಡಿದ. ಹೌದು, ಉಸಿರಿತ್ತು. ದಾರದಂತೆ ತೆಳ್ಳಗೆ.

“ಇಳಿದು ಬಾ. ಡಾಕ್ಟರನ್ನ ಕರ್ಕೊಂಡು ಬಾ, ಓಡು. ಹೋಗ್ತಾ ಮುಂಬಾಗಿಲು ಎಳ್ಕೊಂಡು ಹೋಗು. ಯಾರು ಕೇಳಿದ್ರೂ ಯಾರಿಗೋ ತಲೆ ಸುತ್ತು ಬಂದಿದೆ ಅಂತ ಮಾತ್ರ ಹೇಳು. ಯಾರು ಅಂತ ಹೇಳ್ಬೇಡ.”

ಸಿದ್ದಬಸಪ್ಪ ಓಡಿದ. ಬಾಗಿಲು ಒಡೆದ ಸದ್ದಿಗೆ ಬೀದಿಯಲ್ಲಿ ಆಗಲೇ ಜನ ಸೇರಿದ್ದರು. ಏನಾಯ್ತು, ಏನಾಯ್ತು ಎಂಬ ಗುಜುಗುಜು ಒಳಗೆ ಕೇಳುತ್ತಿತ್ತು.

ಅನಂತಸ್ವಾಮಿ ಶಿವಗಂಗಮ್ಮನ ಮುಖವನ್ನೇ ನೋಡಿದ. ಆ ಕಣ್ಣುಗಳಲ್ಲಿ ಇದ್ದದ್ದು ದುಃಖವೋ, ಭಯವೋ? ಸುವರ್ಣಳಿಗೆ ಅಂತಾನೇ ನೀರು ಕಾಯಿಸಿದ್ದೆ ಎಂದವರು ಇವರೇ. ಇದ್ದಿಲು ಹಾಕಿದವರೂ ಇವರೇ ಇರಬೇಕು. ಹಾಗಾದರೆ ಸುವರ್ಣಮ್ಮ ಎಲ್ಲಿ? ಮನೆಯ ಯಾವ ಮೂಲೆಯಲ್ಲೂ ಸದ್ದಿಲ್ಲ.

ಅಷ್ಟರಲ್ಲಿ ಮುಂಬಾಗಿಲು ಯಾರೋ ಬಡಿದರು. “ಶಿವಗಂಗಮ್ಮನೋರೇ! ಬಾಗಿಲು ತೆಗೀರಿ! ನಾನು, ಸುಮಿತ್ರಮ್ಮ!”

ಶಿವಗಂಗಮ್ಮನಿಗೆ ತಮ್ಮನ ಬಳಿಯೇ ಕೂರಲು ಹೇಳಿ ಅನಂತಸ್ವಾಮಿ ತಾನೇ ಹೋಗಿ ಕದವನ್ನು ಒಂದಾಳಿನಷ್ಟು ತೆರೆದು, ಅಡ್ಡ ನಿಂತ. ಪಕ್ಕದ ಮನೆಯ ಸುಮಿತ್ರಮ್ಮ ಕೈಯಲ್ಲಿ ಹಿಚುಕಿದ ಅವರೆಕಾಳಿನ ಬಟ್ಟಲು ಹಿಡಿದು ಏದುಸಿರು ಬಿಡುತ್ತಿದ್ದರು. ಅವರ ಹಿಂದೆ, ಬೋಳು ಹಣೆಯ, ಮಾಸಿದ ಸೀರೆಯ ಸುವರ್ಣಮ್ಮ.

ಅವಳಿಗೆ ಏನೂ ಆಗಿರಲಿಲ್ಲ. ಕೂದಲು ಒಣಗಿತ್ತು. ಸ್ನಾನ ಮಾಡಿದ ಸುಳಿವೇ ಇರಲಿಲ್ಲ.

“ನೀವು ಎಲ್ಲಿದ್ರಿ?” ಎಂದ ಅನಂತಸ್ವಾಮಿ.

ಉತ್ತರ ಕೊಟ್ಟವರು ಸುಮಿತ್ರಮ್ಮ. “ನಮ್ಮನೇಲೇ ಇದ್ರು ಸ್ವಾಮಿ. ಬೆಳಿಗ್ಗೆಯಿಂದ ನಮ್ಮ ನಡುಮನೇಲಿ ಕೂತು ಕಾಳು ಹಿಚುಕ್ತಿದ್ರು. ಮನೇಲಿ ಒಬ್ರೇ ಅಳ್ತಾ ಕೂರೋದು ಯಾಕೆ ಅಂತ ನಾನೇ ಹಿತ್ತಲಿಂದ ಕರ್ಕೊಂಡು ಹೋಗಿದ್ದು. ಏನಾಯ್ತು? ಯಾರಿಗಾಯ್ತು? ಯಾರು ಅಂತ ಆ ಪೊಲೀಸಪ್ಪ ಬಾಯೇ ಬಿಡಲಿಲ್ಲ.”

ಸುವರ್ಣಮ್ಮ ಅನಂತಸ್ವಾಮಿಯ ಮುಖ ನೋಡಿದಳು. ಅವನ ಒದ್ದೆ ತೋಳು, ಮಸಿಯಾದ ಕೈಗಳನ್ನು ನೋಡಿದಳು.

“ಹೇಳಿ ಸ್ವಾಮಿ,” ಎಂದಳು. “ಇಂದುಧರ ಬದುಕಿದ್ದಾನಾ?”

ಸುಮಿತ್ರಮ್ಮ ಬಟ್ಟಲನ್ನು ಎದೆಗೆ ಒತ್ತಿಕೊಂಡು ಅವಳ ಕಡೆ ತಿರುಗಿದರು.

“ಇಂದುಧರಾನಾ? ನಿಮ್ಮ ಮೈದುನ ಇಲ್ಲಿಗೆ ಯಾವಾಗ ಬಂದಿದ್ರಮ್ಮಾ?”